‘ಆ ಕೆಂಪು ಸೆರಗಿಂದು ಫೋಟೋ ಎಲ್ಲೈತ್ರೀ?’: ಸಂಸ್ಥೆಯ ಫೋಟೋ ಭಂಡಾರ ಕಟ್ಟಲು ಹೊರಟವರಿಗೆ

ನಮ್ಮದು ಧಾರವಾಡದ ಒಂದು ಪುಟ್ಟ ಸಂಸ್ಥೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸುತ್ತೇವೆ. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಅದರ ಮೇಲೆ ಕಸೂತಿ ಹಾಕಿಕೊಡುತ್ತಾರೆ. ಮಳಿಗೆಯಲ್ಲಿ, ಮೇಳಗಳಲ್ಲಿ ಮಾರುತ್ತೇವೆ. ನಾನು ಇಲ್ಲಿಗೆ ಬಂದದ್ದು ಲೆಕ್ಕ ಬರೆಯಲು. ಆದರೆ 11 ವರ್ಷಗಳಲ್ಲಿ ನನ್ನ ಕಿವಿಗೆ ಎಲ್ಲಕ್ಕಿಂತ ಹೆಚ್ಚು ಬಿದ್ದ ಪ್ರಶ್ನೆ ಲೆಕ್ಕದ್ದಲ್ಲ: "ಅಕ್ಕಾರ, ಆ ಕೆಂಪು ಸೆರಗಿಂದು ಫೋಟೋ ಎಲ್ಲೈತ್ರೀ?"

ಫೋಟೋ ಎಲ್ಲ ಕಡೆಯೂ ಇತ್ತು, ಅದೇ ತೊಂದರೆ. ಮೂರು ಹಾರ್ಡ್ ಡಿಸ್ಕ್, ಡಿಸೈನರ್ ಹುಡುಗನ ಲ್ಯಾಪ್‌ಟಾಪ್, ಕೌಂಟರ್‌ನಲ್ಲಿ ಕೂರುವವರ ಫೋನ್, ಎರಡು ಗೂಗಲ್ ಡ್ರೈವ್. ಅದರಲ್ಲಿ ಒಂದರ ಪಾಸ್‌ವರ್ಡ್ ಕೆಲಸ ಬಿಟ್ಟವರ ಸಂಗಡವೇ ಹೋಗಿತ್ತು. ಎಲ್ಲ ಕೂಡಿಸಿ ನೋಡಿದರೆ 38 ಸಾವಿರ ಚಿಲ್ಲರೆ ಫೈಲು. ಇಂಥದನ್ನೆಲ್ಲ ಒಂದೆಡೆ ತಂದು, ಹುಡುಕಿದರೆ ಸಿಗುವಂತೆ ಇಡುವ ಸಾಫ್ಟ್‌ವೇರ್‌ಗೆ ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್ ಎಂದು ಹೆಸರು, ಗಿಡ್ಡಕ್ಕೆ ಡ್ಯಾಮ್. ಸಭೆಯಲ್ಲಿ ನಾನು ಡ್ಯಾಮ್ ಬೇಕು ಅಂದಾಗ ಅಧ್ಯಕ್ಷೆ ಬಾಯಾರು, "ಯಾವುದವ್ವಾ, ನವಿಲುತೀರ್ಥದ್ದೇನು?" ಅಂದರು. ನಮ್ಮ ನಲ್ಲಿಗೆ ನೀರು ಆ ಅಣೆಕಟ್ಟಿನಿಂದಲೇ ಬರುವುದರಿಂದ ಮಾತು ಫೋಟೋ ಬಿಟ್ಟು ನೀರಿನ ಸರದಿಗೆ ಹೋಯಿತು. ಮಂಜೂರಾತಿ ಸಿಕ್ಕಿದ್ದು ಮುಂದಿನ ಸಭೆಯಲ್ಲಿ.

ಸಾಫ್ಟ್‌ವೇರ್‌ಗೂ ಮೊದಲು ನೋಟ್‌ಬುಕ್

ಯಾವ ಸಾಫ್ಟ್‌ವೇರ್ ಎಂದು ಹುಡುಕುವ ಮೊದಲು 100 ಪುಟದ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಡಿ. 15 ದಿನ ಯಾರು ಫೋಟೋ ಕೇಳಿಕೊಂಡು ಬಂದರೂ ಅವರ ಬಾಯಿಂದ ಬಂದ ಮಾತನ್ನೇ ಬರೆಯಿರಿ. ತಿದ್ದಬೇಡಿ, ಗ್ರಾಂಥಿಕ ಮಾಡಬೇಡಿ. ನನ್ನ ಮೊದಲ ಪುಟ ಹೀಗಿತ್ತು:

"ತೇರಿನ ಕಸೂತಿದು, ಹಸರ ಸೀರಿ ಮ್ಯಾಲಿಂದು." ಕೌಂಟರ್‌ನವರು.

"ಹಿಂದಿನ ಮಗ್ಗಲಾ ಕಾಣಬೇಕ್ರೀ. ಗಂಟ ಇಲ್ಲಾಂತ ಗಿರಾಕಿಗೆ ತೋರಸಬೇಕು." ಅವರೇ.

"ಪ್ರಿಂಟಿಗೆ ಆಗೂವಂಥಾ ದೊಡ್ಡ ಫೈಲ್ ಕಳಸ್ರೀ." ಹುಬ್ಬಳ್ಳಿಯ ಪ್ರೆಸ್‌ನವರು.

"ಬೆಂಗಳೂರು ಮೇಳದಾಗ ಬಾಯಾರು ಮಾತಾಡೂದು." ಪತ್ರಿಕೆಗೆ ಸುದ್ದಿ ಕಳಿಸುವವರು.

"ನಂದ ಒಂದ್ ಫೋಟೋ ಇತ್ತಲ್ರೀ, ಸೂಜಿ ಹಿಡಕೊಂಡಿದ್ದು. ಮಗಳಿಗೆ ಕಳಸಬೇಕು." ಕಸೂತಿ ಹಾಕುವವರು.

15 ದಿನಕ್ಕೆ 63 ಬೇಡಿಕೆ ಬಂದವು. ತಾರೀಖು ಹೇಳಿ ಕೇಳಿದವರು ಇಬ್ಬರೇ. ನನ್ನ ಫೋಲ್ಡರ್‌ಗಳೋ, ಎಲ್ಲ ತಾರೀಖಿನ ಮೇಲೆ! ಲೆಕ್ಕದವಳ ಬುದ್ಧಿ. ವೋಚರ್ ಇಟ್ಟ ಹಾಗೆ ಫೋಟೋ ಇಟ್ಟಿದ್ದೆ.

ಆ ನೋಟ್‌ಬುಕ್ಕೇ ಪ್ರತಿ ಫೋಟೋಕ್ಕೆ ತುಂಬಬೇಕಾದ ಖಾನೆಗಳನ್ನು ನಿಮಗೆ ಕೊಡುತ್ತದೆ. ನಮಗೆ ಬೇಕಾದದ್ದು ಒಂಬತ್ತು: ವಸ್ತು, ಸೆರಗು-ದಡಿ, ಹೊಲಿಗೆ, ಚಿತ್ತಾರ, ಬಣ್ಣ, ಮಗ್ಗಲು, ಊರು, ಫೋಟೋದಲ್ಲಿರುವವರು, ಒಪ್ಪಿಗೆ. ತಾರೀಖು, ಕ್ಯಾಮೆರಾ, ಅಳತೆ ಇವೆಲ್ಲ ಫೈಲಿನೊಳಗೇ ಇರುತ್ತವೆ, ಸಾಫ್ಟ್‌ವೇರ್ ತಾನೇ ಓದಿಕೊಳ್ಳುತ್ತದೆ. ನಲವತ್ತು ಖಾನೆ ತುಂಬಿಸಲು ಹೇಳಿದರೆ ಜನ ನಾಲ್ಕನ್ನೂ ತುಂಬುವುದಿಲ್ಲ.

ಯಾವುದನ್ನು ಹಾಕಿಕೊಳ್ಳುವುದು

ಒಬ್ಬರೇ ಕೆಲಸ ಮಾಡುವವರಿಗೆ, ಒಂದೇ ಕಂಪ್ಯೂಟರ್ ಇದ್ದರೆ, ಡಿಜಿಕ್ಯಾಮ್ ಎಂಬ ಸಾಫ್ಟ್‌ವೇರ್ ಸಾಕು. ಪುಕ್ಕಟೆ. ಟ್ಯಾಗನ್ನು, ಅಂದರೆ ಫೋಟೋಕ್ಕೆ ಹಚ್ಚುವ ಗುರುತಿನ ಪದವನ್ನು, ಫೈಲಿನೊಳಗೇ ಬರೆಯುತ್ತದೆ, ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ಸಂಗಡ ಬರುತ್ತದೆ. ಒಂದೆರಡು ಸಾವಿರ ಫೋಟೋ, ನಾಲ್ಕು ಜನ ಇದ್ದರೆ ಗೂಗಲ್ ಡ್ರೈವನ್ನೇ ಶಿಸ್ತಾಗಿ ಇಟ್ಟುಕೊಳ್ಳಿ, ದುಡ್ಡು ಉಳಿಸಿ.

ನಮಗೆ ಮೊದಲು ಡೆಮೊ ತೋರಿಸಿದ್ದು ಒಂದು ದೊಡ್ಡ ಕಂಪನಿ. ತಲೆಗಿಷ್ಟು ಎಂದು ತಿಂಗಳ ಬಾಡಿಗೆ, ಅದೂ ಡಾಲರ್ ಲೆಕ್ಕದಲ್ಲಿ. "ನೀವು ಟ್ಯಾಗ್ ಹಾಕುವುದೇ ಬೇಡ ಮೇಡಂ, ಎಐ ಹಾಕುತ್ತದೆ" ಅಂದರು. ನಮ್ಮದೇ ಒಂದು ಫೋಟೋ ಹಾಕಿಸಿದೆ: ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರದ ಕಸೂತಿ. ಅದು ‘ಕಾರ್ಪೆಟ್’, ‘ಟೇಬಲ್ ಕ್ಲಾತ್’ ಅಂದಿತು. ಸೀರೆ ಎಂಬ ಮಾತೇ ಬರಲಿಲ್ಲ. ಕಾಫಿ ಕುಡಿಸಿ ಕಳಿಸಿದೆವು.

ಕೊನೆಗೆ ಹಾಕಿಕೊಂಡದ್ದು ರಿಸೋರ್ಸ್‌ಸ್ಪೇಸ್. ಆಕ್ಸ್‌ಫ್ಯಾಮ್ ಎಂಬ ಸೇವಾ ಸಂಸ್ಥೆಯ ಫೋಟೋ ಭಂಡಾರಕ್ಕೆಂದು ಹುಟ್ಟಿದ್ದು, ಮುಕ್ತ ತಂತ್ರಾಂಶ. ಲೈಸೆನ್ಸ್‌ಗೆ ದುಡ್ಡಿಲ್ಲ, ಆದರೆ ಒಂದು ಸರ್ವರ್, ಅಂದರೆ ಎಲ್ಲರೂ ಬಳಸುವ ಫೈಲು ಇಡುವ ಕಂಪ್ಯೂಟರ್, ಬೇಕು, ಅದನ್ನು ನೋಡಿಕೊಳ್ಳುವ ಒಂದು ತಲೆ ಬೇಕು. ನಮ್ಮ ಸರ್ವರ್ ಎಂದರೆ ಬ್ಯಾಂಕೊಂದು ಹರಾಜಿಗಿಟ್ಟಿದ್ದ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್, 4 ಟಿಬಿಯ ಎರಡು ಡಿಸ್ಕ್, ಒಂದು ಯುಪಿಎಸ್. ಪಕ್ಕದ ಮನೆಯ ಎಂಜಿನಿಯರಿಂಗ್ ಓದುವ ಹುಡುಗ ಎರಡು ರವಿವಾರ ಕೂತು ಹಾಕಿಕೊಟ್ಟ. ಸಂಸ್ಥೆಯಲ್ಲಿ ಅಂಥ ಹುಡುಗ ಇಲ್ಲದಿದ್ದರೆ ಪುಕ್ಕಟೆಯ ಆಸೆಗೆ ಬೀಳಬೇಡಿ. ದುಡ್ಡು ಕೊಟ್ಟು ಬೇರೆಯವರ ಸರ್ವರ್‌ನಲ್ಲಿ ನಡೆಸುವುದೇ ಅಗ್ಗ.

ಹಾಕಿದ ಮೊದಲ ವಾರ ವಿಡಿಯೋಗಳು ಅಪ್‌ಲೋಡ್ ಆಗುತ್ತಲೇ ಇರಲಿಲ್ಲ. ರಿಸೋರ್ಸ್‌ಸ್ಪೇಸ್ ಬರೆದಿರುವ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಫೈಲಿನ ಗಾತ್ರಕ್ಕೆ ಒಂದು ಮಿತಿ ಇರುತ್ತದೆ, ಅದನ್ನು ಏರಿಸಬೇಕು. ಅಷ್ಟೇ.

ಕನ್ನಡದಲ್ಲಿ ಹುಡುಕಿದರೆ ಸಿಗುವಂತೆ ಮಾಡುವುದು

ಇಲ್ಲಿ ನಿಧಾನ ಮಾಡುತ್ತೇನೆ, ಏಕೆಂದರೆ ಈ ಪಾಡು ನಾನು ನೋಡಿದ ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಇಲ್ಲ.

ಮೊದಲನೆಯದು ನುಡಿ, ಕನ್ನಡ ಬೆರಳಚ್ಚಿನ ತಂತ್ರಾಂಶ. ನಮ್ಮ ಹಳೆಯ ಫೋಟೋಗಳ ವಿವರ ಎಲ್ಲ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಬೆರಳಚ್ಚಾಗಿತ್ತು. ವರ್ಡ್‌ನಲ್ಲಿ ಆ ಫಾಂಟ್ ಹಾಕಿದರೆ ಚೆಂದದ ಕನ್ನಡ. ಸಾಫ್ಟ್‌ವೇರ್‌ಗೆ ಅಂಟಿಸಿದರೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅಂಥದನ್ನು ಈಗಿನ ಎಲ್ಲ ಸಾಫ್ಟ್‌ವೇರ್ ಓದುವ ಯುನಿಕೋಡ್‌ಗೆ ತಿರುಗಿಸಿಯೇ ಒಳಗೆ ಬಿಡಿ. ತಿರುಗಿಸುವ ಪುಕ್ಕಟೆ ಸಾಧನಗಳಿವೆ. ಆದರೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹಳೆಯ ಅಕ್ಷರವ್ಯವಸ್ಥೆಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರ-ಕಾರ ಅದಕ್ಕಿಂತ ಮೊದಲು ಕೂರಬೇಕು. ನಮ್ಮ ‘ಮುರ್ಗಿ’ ಹೊಲಿಗೆ ಕೆಲವು ಕಡೆ ‘ಮುಗಿರ್’ ಆಗಿತ್ತು. ಎರಡು ವಾರ ಮುರ್ಗಿಯ ಹಳೆಯ ಫೋಟೋ ಒಂದೂ ಸಿಗಲಿಲ್ಲ.

ಎರಡನೆಯದು ಕಾಗುಣಿತ. ಇಳಕಲ್, ಇಲಕಲ್, ಇಳಕಲ್ಲ. ಅದರ ಸೆರಗಿಗೆ ತೋಪ್ ತೆನಿ, ಟೋಪ್ ತೆನಿ, ಟೋಪಿ ತೆನಿ. ಎಲ್ಲ ಒಂದೇ ಕಚೇರಿಯಲ್ಲಿ. ಯಾವುದು ಸರಿ ಎಂದು ಜಗಳಕ್ಕೆ ಕೂತರೆ ಸಂಜೆಯಾಗುತ್ತದೆ. ಒಂದನ್ನು ಆರಿಸಿ, ಅದನ್ನು ಪಟ್ಟಿಯಲ್ಲಿ ಹಾಕಿ, ಟ್ಯಾಗ್ ಕೊಡುವವರು ಬೆರಳಚ್ಚು ಮಾಡದೆ ಪಟ್ಟಿಯಿಂದಲೇ ಆರಿಸುವ ಹಾಗೆ ಖಾನೆಯನ್ನು ಮಾಡಿ. ಉಳಿದ ರೂಪಗಳನ್ನು ಎಸೆಯಬೇಡಿ. ರಿಸೋರ್ಸ್‌ಸ್ಪೇಸ್‌ನಲ್ಲಿ ಸಂಬಂಧಿ ಪದಗಳನ್ನು ಜೋಡಿಸುವ ಒಂದು ಪುಟವಿದೆ. ಅಲ್ಲಿ ‘ಇಲಕಲ್’ ಅನ್ನು ‘ಇಳಕಲ್’ ಜೊತೆ ಗಂಟು ಹಾಕಿದರೆ ಹುಡುಕುವವರು ಯಾವುದನ್ನು ಬರೆದರೂ ಎರಡೂ ಬರುತ್ತವೆ. ನೋಟ್‌ಬುಕ್‌ನ ಮಾತುಗಳೆಲ್ಲ ಈ ಪುಟಕ್ಕೆ ಹೋಗಬೇಕು. ‘ಸೀರಿ’ ಮತ್ತು ‘ಸೀರೆ’ಯನ್ನು ಜೋಡಿಸಿದ ದಿನ ಕೌಂಟರ್‌ನವರು ಮೊದಲ ಸಲ ನನ್ನನ್ನು ಕೂಗದೆ ತಾವೇ ಫೋಟೋ ತೆಗೆದುಕೊಂಡರು.

ಬೆರಳಚ್ಚು ಬೇಡ ಎನ್ನಲು ಇನ್ನೊಂದು ಕಾರಣ ಕಣ್ಣಿಗೆ ಕಾಣದ ಅಕ್ಷರ. ಕೆಲವು ಕೀಲಿಮಣೆಗಳು ‘ಇಳಕಲ್’ನ ಅರ್ಧ ಲ-ಕಾರದ ನಂತರ, ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳದಿರಲಿ ಎಂದು ಅಗಲವೇ ಇಲ್ಲದ ಒಂದು ಚಿಹ್ನೆ ಸೇರಿಸುತ್ತವೆ. ಪರದೆಯ ಮೇಲೆ ಎರಡೂ ತದ್ರೂಪು. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪದ. ಇದು ಗೊತ್ತಾಗುವ ತನಕ ಹುಡುಗ ಸಾಫ್ಟ್‌ವೇರ್ ಬೈದ, ನಾನು ಹುಡುಗನನ್ನು ಬೈದೆ.

ಮೂರನೆಯದು ವಿಭಕ್ತಿ. ಸೆರಗು, ಸೆರಗಿನ, ಸೆರಗಿಗೆ: ನಮಗೆ ಒಂದೇ, ಯಂತ್ರಕ್ಕೆ ಮೂರು. ಟ್ಯಾಗನ್ನು ಯಾವಾಗಲೂ ಮೂಲರೂಪದಲ್ಲಿ, ಏಕವಚನದಲ್ಲಿ ಇಡಿ. ವಿವರಣೆಯ ವಾಕ್ಯದೊಳಗೆ ಹುಡುಕಬೇಕಾದರೆ ‘ಸೆರಗ’ ಎಂದು ಬರೆದು ನಕ್ಷತ್ರ ಚಿಹ್ನೆ ಹಾಕಿ, ಆಗ ಮೂರೂ ಸಿಗುತ್ತವೆ. ‘ಸೆರಗು’ ಎಂದು ಪೂರ್ತಿ ಬರೆದು ನಕ್ಷತ್ರ ಹಾಕಿದರೆ ಕೊನೆಯ ಕೊಂಬು ಅಡ್ಡ ಬಂದು ‘ಸೆರಗಿನ’ ತಪ್ಪಿಹೋಗುತ್ತದೆ.

ನಾಲ್ಕನೆಯದು ನನ್ನ ನಿದ್ದೆ ಕೆಡಿಸಿದ್ದು. ಫೋಟೋ ಫೈಲಿನೊಳಗೆ ಟ್ಯಾಗ್ ಬರೆಯುವ ಹಳೆಯ ಐಪಿಟಿಸಿ ಪದ್ಧತಿಯಲ್ಲಿ ಒಂದು ಕೀವರ್ಡ್‌ಗೆ, ಅಂದರೆ ಒಂದು ಟ್ಯಾಗ್‌ಗೆ, 64 ಬೈಟ್ ಮಾತ್ರ ಜಾಗ. ಬೈಟ್ ಎಂದರೆ ಕಂಪ್ಯೂಟರ್ ಜಾಗ ಅಳೆಯುವ ಚಿಕ್ಕ ಅಳತೆ. ಇಂಗ್ಲಿಷ್‌ನವರಿಗೆ 64 ಅಕ್ಷರ, ಬೇಕಾದಷ್ಟಾಯಿತು. ಕನ್ನಡದ ಪ್ರತಿ ಮೂಲಾಕ್ಷರಕ್ಕೆ, ಪ್ರತಿ ಗುಣಿತದ ಚಿಹ್ನೆಗೆ, ಅರ್ಧಾಕ್ಷರದ ಚಿಹ್ನೆಗೂ 3 ಬೈಟ್ ಬೇಕು. ‘ಚಿಕ್ಕಿ ಪರಾಸ್ ದಡಿ ಇಳಕಲ್ ಸೀರೆ’ ಎಂಬ ನಮ್ಮ ಟ್ಯಾಗ್ 73 ಬೈಟ್ ಆಗುತ್ತದೆ. ಪ್ರೆಸ್‌ನವರಿಗೆ ಹೋದ ಫೈಲಿನಲ್ಲಿ ಅದು ‘ಚಿಕ್ಕಿ ಪರಾಸ್ ದಡಿ ಇಳಕಲ್ ಸ’ ಎಂದು ನಿಂತಿತ್ತು. "ಅಕ್ಕಾರ, ಇಳಕಲ್ ಸ ಅಂದ್ರ ಏನ್ರೀ?" ಎಂದು ಅವರು ಫೋನ್ ಮಾಡಿದ ಮೇಲೆಯೇ ನಾನು ಬೈಟ್ ಎಣಿಸಲು ಕೂತದ್ದು. ಹೊಸ ಎಕ್ಸ್‌ಎಂಪಿ ಪದ್ಧತಿಯಲ್ಲಿ ಈ ಮಿತಿ ಇಲ್ಲ, ಆದರೆ ಎದುರಿನವರು ಯಾವುದನ್ನು ಓದುತ್ತಾರೋ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಟ್ಯಾಗ್ ಚಿಕ್ಕದಿರಲಿ: ‘ಚಿಕ್ಕಿ ಪರಾಸ್’ ಒಂದು, ‘ಇಳಕಲ್ ಸೀರೆ’ ಇನ್ನೊಂದು.

ಊರಿನ ಹೆಸರನ್ನೂ ನೆನಪಿಡಿ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು, ಗುಲಬರ್ಗಾ ಕಲಬುರಗಿಯಾಯಿತು. ಹಳೆಯ ಫೋಲ್ಡರ್‌ಗಳಲ್ಲಿ ಹಳೆಯ ಹೆಸರು. ಅದನ್ನೂ ಜೋಡಿ ಪದವಾಗಿ ಹಾಕಿ. ಬೆಂಗಳೂರಿನ ಹತ್ತಿರ ದೇವನಹಳ್ಳಿ ತಾಲೂಕಿನಲ್ಲೂ ಒಂದು ವಿಜಯಪುರ ಇದೆ, ಆದ್ದರಿಂದ ಊರಿನ ಖಾನೆಯಲ್ಲಿ ಜಿಲ್ಲೆಯೂ ಇರಲಿ.

ನಕಲು ಎಂದು ಅಳಿಸುವ ಮುನ್ನ

ಹಾರ್ಡ್ ಡಿಸ್ಕ್‌ಗಳನ್ನು ಒಂದೆಡೆ ಸುರಿದಾಗ ಒಂದೇ ಫೋಟೋ ಮೂರು ನಾಲ್ಕು ಸಲ ಬರುತ್ತದೆ. ಬೇಸಿಗೆಗೆಂದು ಬಂದಿದ್ದ ಕಾಲೇಜು ಹುಡುಗಿಗೆ "ನಕಲು ತೆಗೆದುಹಾಕವ್ವಾ" ಅಂದೆ. ಚುರುಕು ಹುಡುಗಿ. ಎರಡೇ ದಿನದಲ್ಲಿ ಮುಗಿಸಿದಳು.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗವಂತಿಯ ಗುಟ್ಟೇ ಏನೆಂದರೆ ಗಂಟು ಹಾಕುವುದಿಲ್ಲ. ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ. ಹೀಗಾಗಿ ಬಟ್ಟೆಯ ಮುಂದಿನ ಮಗ್ಗಲು, ಹಿಂದಿನ ಮಗ್ಗಲು ಎರಡೂ ಒಂದೇ ಥರ ಕಾಣುತ್ತವೆ. ನಾವು ಪ್ರತಿ ಸೀರೆಯದೂ ಎರಡೂ ಮಗ್ಗಲು ಫೋಟೋ ತೆಗೆಯುತ್ತಿದ್ದೆವು. ಹುಡುಗಿ ನೋಡಿದಳು, ಅದೇ ತೇರು, ಅದೇ ಬಣ್ಣ. ನಕಲು ಎಂದು ಅಳಿಸಿದಳು. 140 ಹಿಮ್ಮೈ ಫೋಟೋ ಹೋದವು. ಗಿರಾಕಿಗೆ ತೋರಿಸಬೇಕಾದದ್ದೇ ಅವು. ಅವಳ ತಪ್ಪೇನಿಲ್ಲ, ಕಸೂತಿ ಹಾಕಿದವರ ಕೈ ಅಷ್ಟು ಚೊಕ್ಕ. ತಪ್ಪು ನನ್ನದು, ನಕಲನ್ನು ಕಣ್ಣಿನಿಂದ ಹಿಡಿಯಲು ಹೇಳಿದ್ದು.

ನಕಲನ್ನು ಚೆಕ್‌ಸಮ್‌ನಿಂದ ಹಿಡಿಯಿರಿ. ಫೈಲಿನ ಒಳಗಿನದನ್ನೆಲ್ಲ ಲೆಕ್ಕ ಹಾಕಿ ಬರುವ ಒಂದು ಗುರುತು ಅದು, ಹೆಬ್ಬೆಟ್ಟಿನ ಹಾಗೆ. ಒಂದು ಚುಕ್ಕೆ ಬೇರೆಯಾದರೂ ಗುರುತು ಬೇರೆ. ಅದೇ ಫೈಲನ್ನು ಎರಡನೇ ಸಲ ಅಪ್‌ಲೋಡ್ ಮಾಡಿದರೆ ತಡೆಯುವ ಸೌಲಭ್ಯ ರಿಸೋರ್ಸ್‌ಸ್ಪೇಸ್‌ನಲ್ಲಿದೆ, ಮೊದಲ ದಿನವೇ ಆನ್ ಮಾಡಿ. ಮತ್ತು ಮೊದಲ ವರ್ಷ ಯಾರಿಗೂ, ನಿಮಗೂ, ಪೂರ್ತಿ ಅಳಿಸುವ ಅಧಿಕಾರ ಇಟ್ಟುಕೊಳ್ಳಬೇಡಿ. ‘ಮಗ್ಗಲು’ ಎಂಬ ಖಾನೆ ಹುಟ್ಟಿದ್ದು ನೋಟ್‌ಬುಕ್‌ನಿಂದ, ಅದು ಕಡ್ಡಾಯವಾದದ್ದು ಆ 140 ಫೋಟೋದಿಂದ.

ವಾಟ್ಸ್‌ಆ್ಯಪ್‌ನಿಂದ ಬಂದದ್ದು ಬೇಡ

ಹಳ್ಳಿಗೆ ಹೋದವರು ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದು ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಒಳಗಿನ ತಾರೀಖು, ಜಾಗದ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಉದ್ದ ಬದಿ 1600 ಪಿಕ್ಸೆಲ್ ಇರುವ ಫೋಟೋವನ್ನು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅಚ್ಚು ಹಾಕಿದರೆ 5 ಇಂಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಂಥದನ್ನು ನಾವು ಮೇಳದ 8 ಅಡಿ ಬ್ಯಾನರ್‌ಗೆ ಕೊಟ್ಟಿದ್ದೆವು. ಕಸೂತಿಯ ಆನೆ ಹಿಟ್ಟಿನ ಮುದ್ದೆಯಾಗಿತ್ತು. ಮೂರು ದಿನ ಅದರ ಕೆಳಗೇ ಕೂತು ಮಾರಿದೆ.

ಅಸಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಹಿಂಡುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಕಚೇರಿಗೆ ಬಂದ ದಿನ ಫೋನಿನಿಂದ ನೇರ ಅಪ್‌ಲೋಡ್. ನಾವು ಅದಕ್ಕೊಂದು ಪದ್ಧತಿ ಮಾಡಿದೆವು: ಪ್ರವಾಸ ಭತ್ಯೆಯ ಬಿಲ್ ಕೊಡುವಾಗ ಫೋಟೋ ಅಪ್‌ಲೋಡ್ ಆಗಿರಬೇಕು. ಇಂಥದಕ್ಕೆ ಲೆಕ್ಕದವಳಾಗಿದ್ದು ಉಪಯೋಗಕ್ಕೆ ಬಂತು.

ಯಾರು ಏನನ್ನು ನೋಡಬಹುದು

ನಮ್ಮಲ್ಲಿ ಮೂರು ಬಗೆ. ಸೀರೆ, ಖಣ, ಚಿತ್ತಾರದ ಫೋಟೋ ಎಲ್ಲರಿಗೂ ಮುಕ್ತ. ಹೆಣ್ಣುಮಕ್ಕಳ ಮುಖ ಇರುವುದನ್ನು ನೋಡಬಹುದು, ದೊಡ್ಡ ಫೈಲ್ ಬೇಕಾದರೆ ಕೇಳಿ ಪಡೆಯಬೇಕು. ಹೊಸ ವಿನ್ಯಾಸ ಮಾರುಕಟ್ಟೆಗೆ ಬರುವ ತನಕ ಗುಪ್ತ. ಸಾಫ್ಟ್‌ವೇರ್‌ನಲ್ಲೇ ಈ ಮೂರು ಮಟ್ಟ ಸಿದ್ಧವಾಗಿವೆ.

ಮುಖ ಇರುವ ಪ್ರತಿ ಫೋಟೋಕ್ಕೂ ಒಪ್ಪಿಗೆ ಚೀಟಿ ಸ್ಕ್ಯಾನ್ ಮಾಡಿ ಅದರ ಜೊತೆಗೇ ಸೇರಿಸಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ ಎಂದಷ್ಟೇ ಅಲ್ಲ. ಒಬ್ಬ ತಾಯಿ ಒಮ್ಮೆ ಬಂದು, "ನನ್ನ ಮಾರಿ ಬೋರ್ಡಿನ ಮ್ಯಾಲ ಐತೆಂತ, ಬೀಗರು ನೋಡಿ ಅಂದ್ರು" ಎಂದು ಸಿಟ್ಟಾದರು. ಕ್ಯಾಟಲಾಗ್‌ಗೆ ಎಂದು ಕೇಳಿದ್ದೆವು, ಬೋರ್ಡಿಗೆ ಎಂದು ಕೇಳಿರಲಿಲ್ಲ. ಈಗ ಚೀಟಿಯಲ್ಲಿ ನಾಲ್ಕು ಗೆರೆ ಇವೆ: ಕ್ಯಾಟಲಾಗ್, ಬೋರ್ಡು, ಪತ್ರಿಕೆ, ಫೋನಿನಲ್ಲಿ ಕಳಿಸುವುದು. ಯಾವುದಕ್ಕೆ ಹೂಂ ಅಂದರೋ ಅದರ ಮುಂದೆ ಸಹಿ ಅಥವಾ ಹೆಬ್ಬೆಟ್ಟು. ಅದೇ ನಾಲ್ಕು ಒಪ್ಪಿಗೆಯ ಖಾನೆಯಲ್ಲೂ ಇವೆ.

ಬ್ಯಾಕಪ್

2019ರ ಆಗಸ್ಟ್ ಮಳೆಯಲ್ಲಿ ನಮ್ಮ ಕಚೇರಿಯ ಮಾಳಿಗೆ ಸೋರಿ, ಕಪಾಟಿನ ಮೇಲಿಟ್ಟಿದ್ದ ಹಾರ್ಡ್ ಡಿಸ್ಕ್ ತೊಯ್ದು ಸತ್ತಿತು. ಅದರಲ್ಲಿದ್ದ ಕೆಲವು ಫೋಟೋ ಮರಳಿ ಸಿಕ್ಕಿದ್ದು ಹುಬ್ಬಳ್ಳಿಯ ಪ್ರೆಸ್‌ನವರು ಹಳೆಯ ಜಾಬ್ ಅಳಿಸುವ ಗೋಜಿಗೆ ಹೋಗಿರದ ಕಾರಣ. ಈಗ ಮೂರು ಪ್ರತಿ: ಸರ್ವರ್‌ನಲ್ಲಿ ಒಂದು, ಬೇರೆ ಡಿಸ್ಕ್‌ನಲ್ಲಿ ಒಂದು, ಬಾಯಾರ ಮನೆಯ ಟ್ರೆಜರಿ ಕಪಾಟಿನಲ್ಲಿ ಒಂದು.

ರಿಸೋರ್ಸ್‌ಸ್ಪೇಸ್ ಬಳಸುವವರು ಒಂದು ಮಾತು ಕೇಳಿಸಿಕೊಳ್ಳಿ. ಅದು ಫೈಲುಗಳನ್ನು ತನ್ನದೇ ಸಂಖ್ಯೆ ಹಾಕಿ, ನಮಗೆ ಅರ್ಥವಾಗದ ಹೆಸರಿನ ಫೋಲ್ಡರ್‌ಗಳಲ್ಲಿ ಇಡುತ್ತದೆ. ಟ್ಯಾಗ್, ವಿವರ ಎಲ್ಲ ಡೇಟಾಬೇಸ್‌ನಲ್ಲಿ. ಫೈಲು ಮಾತ್ರ ಬ್ಯಾಕಪ್ ಮಾಡಿದರೆ ಹೆಸರಿಲ್ಲದ 38 ಸಾವಿರ ಫೋಟೋ ಕೈಗೆ ಬರುತ್ತವೆ. ಎರಡರ ಪ್ರತಿಯನ್ನೂ ಒಂದೇ ರಾತ್ರಿ ಮಾಡಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರ್‌ನಲ್ಲಿ ಮರಳಿ ಹಾಕಿ ನೋಡಬೇಕು. ನಾವು ಮೊದಲ ಸಲ ನೋಡಿದಾಗ ಡೇಟಾಬೇಸ್‌ನ ಪ್ರತಿ ಶೂನ್ಯ ಬೈಟ್ ಇತ್ತು.

ಜನ

ಅಪ್‌ಲೋಡ್ ಆದದ್ದೆಲ್ಲ ಮೊದಲು ‘ಪರಿಶೀಲನೆಗೆ ಬಾಕಿ’ ಎಂದು ನಿಲ್ಲುತ್ತದೆ, ನಾನು ಟ್ಯಾಗ್ ನೋಡಿ ಒಳಗೆ ಬಿಡುತ್ತಿದ್ದೆ. ಮಗಳ ಬಾಣಂತನಕ್ಕೆ 20 ದಿನ ಹೋದೆ. ಬಂದಾಗ 900 ಫೋಟೋ ಬಾಗಿಲಲ್ಲಿ ನಿಂತಿದ್ದವು, ಜನ ಮತ್ತೆ ವಾಟ್ಸ್‌ಆ್ಯಪ್‌ಗೆ ಮರಳಿದ್ದರು. ಬಾಗಿಲು ಕಾಯಲು ಇಬ್ಬರು ಬೇಕು. ಈಗ ಕೌಂಟರ್‌ನವರಿಗೂ ಆ ಅಧಿಕಾರ ಇದೆ. ಹೊಲಿಗೆಯ ಹೆಸರಿನಲ್ಲಿ ಅವರು ನನಗಿಂತ ಗಟ್ಟಿ.

ಬಾಯಾರು ಈ ತನಕ ಒಮ್ಮೆಯೂ ಲಾಗಿನ್ ಆಗಿಲ್ಲ. ಆಗುವುದೂ ಇಲ್ಲ. ಅವರಿಗೆ ಸೋಮವಾರ ಬೆಳಗ್ಗೆ ಆ ವಾರದ ಇಪ್ಪತ್ತು ಫೋಟೋ ಆರಿಸಿ ಒಂದು ಸಂಗ್ರಹ ಮಾಡಿ ಅದರ ಲಿಂಕ್ ಕಳಿಸುತ್ತೇನೆ. ಪ್ರೆಸ್‌ಗೂ ಹಾಗೆಯೇ, ಆದರೆ ಅವರ ಲಿಂಕ್‌ಗೆ ಏಳು ದಿನದ ಗಡುವು ಹಾಕುತ್ತೇನೆ. ಎಲ್ಲರಿಗೂ ಪಾಸ್‌ವರ್ಡ್ ಕೊಟ್ಟು ತರಬೇತಿ ಕೊಡಲು ಹೋಗಬೇಡಿ. ದಿನಾ ಬಳಸುವ ಐದಾರು ಜನಕ್ಕೆ ಸಾಕು.

ನೋಟ್‌ಬುಕ್ ಇನ್ನೂ ಮೇಜಿನ ಮೇಲಿದೆ, ಎರಡನೆಯದು. ಈಗ ಅದರಲ್ಲಿ ಹುಡುಕಿಯೂ ಸಿಗದ್ದನ್ನು ಮಾತ್ರ ಬರೆಯುತ್ತೇನೆ. ಹೋದ ವಾರ ಅಮ್ಮಿನಬಾವಿಯಿಂದ ಬಂದ ಅಜ್ಜಿಯೊಬ್ಬರು ಕೇಳಿದರು: "ಮಳಿ ಬಂತಂತ ಎಲ್ಲಾರೂ ಅರಬಿ ಎತಗೊಂಡು ಒಳಗ ಓಡಿಬಂದು ನಕ್ಕೋತ ಕುಂತಿದ್ವಿ ನೋಡ್ರೀ, ಅದು." ಒಂಬತ್ತು ಖಾನೆಯಲ್ಲಿ ಯಾವುದೂ ಕೆಲಸಕ್ಕೆ ಬರಲಿಲ್ಲ. ಮುಕ್ಕಾಲು ಗಂಟೆ ಕೂತು ಕೈಯಿಂದ ಹುಡುಕಿ ತೆಗೆದೆ. ಅದರ ವಿವರಣೆಯ ಜಾಗದಲ್ಲಿ ಈಗ ಅಜ್ಜಿ ಆಡಿದ ಮಾತೇ ಇದೆ, ಹಾಗೆಯೇ.